ಒಂದು ಹಿಡಿ ಸಿಗಡಿ, ಒಂದು ಪಾತ್ರೆ ತರಕಾರಿ: ದಿಲ್ಲಿಯ ಕೋಣೆಯಲ್ಲಿ ಊರಿನ ಪದಾರ್ಥ

ಐಎಎಸ್ ಕನಸು ಕಟ್ಟಿಕೊಂಡವರಿಗೆ ಓಲ್ಡ್ ರಾಜಿಂದರ್ ನಗರದ ಹೆಸರು ಹೊಸದಲ್ಲ. ದಿಲ್ಲಿಯ ಕರೋಲ್ ಬಾಗ್‌ಗೆ ತಾಗಿಕೊಂಡಿರುವ ಬಡಾವಣೆ ಅದು. ದೇಶ ವಿಭಜನೆಯಾದಾಗ ಪಶ್ಚಿಮ ಪಂಜಾಬಿನಿಂದ ಮನೆಮಾರು ಬಿಟ್ಟು ಬಂದವರಿಗೆ ನೆಲೆ ಕೊಡಲು ಎದ್ದ ಈ ಜಾಗ ಇವತ್ತು ಯುಪಿಎಸ್‌ಸಿ ಕೋಚಿಂಗಿನ ಪೇಟೆ. ಕಿರಿದಾದ ಗಲ್ಲಿಗಳು, ಮಾಳಿಗೆಯ ಮೇಲೆ ಮಾಳಿಗೆ, ಒಂದೊಂದು ಮಾಳಿಗೆಯಲ್ಲಿ ನಾಲ್ಕಾರು ಕೋಣೆ. ಕರ್ನಾಟಕದಿಂದಲೂ ವರ್ಷ ವರ್ಷ ಮಕ್ಕಳು ಅಲ್ಲಿಗೆ ಹೋಗ್ತಾರೆ. ನಮ್ಮ ಕರಾವಳಿಯವರೂ ಅವರಲ್ಲಿ ಇದ್ದಾರೆ.

2024ರ ಜುಲೈ 27ರ ಸಂಜೆ ಅಲ್ಲಿನ ಒಂದು ಕೋಚಿಂಗ್ ಕೇಂದ್ರದ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ಅಭ್ಯರ್ಥಿಗಳು ಪ್ರಾಣ ಕಳೆದುಕೊಂಡರು. ಆ ಸುದ್ದಿ ಓದಿದ ತಂದೆತಾಯಂದಿರು ಮಕ್ಕಳ ಕೋಣೆಯ ಬಗ್ಗೆ ನಾಲ್ಕು ಮಾತು ಹೆಚ್ಚು ಕೇಳ್ತಾರೆ, ಕೇಳಲೇಬೇಕು. ಊಟದ ವಿಷಯ ಮಾತ್ರ "ಊಟ ಆಯ್ತಾ?" ಎಂಬಲ್ಲಿಗೇ ನಿಲ್ತದೆ. "ಆಯ್ತು" ಎನ್ನುವ ಉತ್ತರದ ಹಿಂದೆ ಎಂತ ಉಂಟು ಎಂದು ಯಾರೂ ಕೆದಕುವುದಿಲ್ಲ. ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಸಮೋಸ, ರಾತ್ರಿ ನೂಡಲ್ಸ್ ತಿಂದವರೂ "ಆಯ್ತು" ಎಂದೇ ಹೇಳ್ತಾರೆ. ದಿನಕ್ಕೆ ಹತ್ತು ಗಂಟೆ ಕೂತು ಓದುವ ದೇಹ, ಅದೂ ಎರಡು ಮೂರು ವರ್ಷ, ಇದರಲ್ಲಿ ಎಷ್ಟು ದಿನ ನಿಂತೀತು?

ಹಾಗಾಗಿ ಇಲ್ಲಿ ಒಂದೇ ಒಂದು ಪದಾರ್ಥದ ಬಗ್ಗೆ ವಿವರವಾಗಿ ಹೇಳ್ತೇನೆ: ತೆಂಗಿನಕಾಯಿ ಅರೆದು ಹಾಕಿ ಮಾಡುವ ಸಿಗಡಿ ಮತ್ತು ತರಕಾರಿಯ ಪದಾರ್ಥ. ಒಂದೇ ಪಾತ್ರೆ ಸಾಕು. ಮುಕ್ಕಾಲು ಗಂಟೆಯ ಕೆಲಸ. ನಾಲ್ಕು ಜನ ಉಣ್ಣಬಹುದು. ಪ್ರತಿ ಹಂತಕ್ಕೂ ಒಂದು ಕಾರಣ ಉಂಟು. ಅಳತೆಯನ್ನು ಬಾಯಿಪಾಠ ಮಾಡಿದವರು ಒಂದು ಸಾಮಾನು ಸಿಗದಿದ್ದರೆ ಕೈಚೆಲ್ಲುತ್ತಾರೆ. ಕಾರಣ ತಿಳಿದವರು ಇರುವುದರಲ್ಲೇ ಮಾಡಿಕೊಳ್ತಾರೆ.

ಇದು ಕೈಬಿಗಿ ಹಿಡಿದವರ ಅಡುಗೆ

ಊರಿನಲ್ಲಿ ಈ ಪದಾರ್ಥಕ್ಕೆ ಒಂದೇ ರೂಪ ಇಲ್ಲ. ಬಸಳೆಗೆ ಸಿಗಡಿ ಹಾಕುವುದು ತುಳುನಾಡಿನಲ್ಲಿ ಮೀನು ತಿನ್ನುವವರ ಮನೆಗಳಲ್ಲಿ ಜಾತಿಮತದ ಭೇದವಿಲ್ಲದೆ ಇದ್ದದ್ದೇ. ತುಳುವಿನಲ್ಲಿ ಸಿಗಡಿಗೆ ಎಟ್ಟಿ ಎನ್ನುತ್ತಾರೆ. ಉತ್ತರ ಕನ್ನಡದ ಕಡೆ ಅದೇ ಶೆಟ್ಲಿ. ನುಗ್ಗೆಕಾಯಿ, ಮಂಗಳೂರು ಸೌತೆ, ಹಲಸಿನ ಬೀಜ, ಬೂದುಗುಂಬಳ, ಎಳೆ ಮಾವಿನಕಾಯಿ, ಹೀಗೆ ಕಾಲಕ್ಕೆ ತಕ್ಕ ತರಕಾರಿ.

ಗಮನಿಸಿ ನೋಡಿ, ಈ ಪದಾರ್ಥದಲ್ಲಿ ಸಿಗಡಿ ಯಾವಾಗಲೂ ಕಡಿಮೆ, ತರಕಾರಿ ಹೆಚ್ಚು. ಅದಕ್ಕೆ ಕಾರಣ ಉಂಟು. ಸಿಗಡಿ ದುಬಾರಿ, ಮನೆಯಲ್ಲಿ ಉಣ್ಣುವ ಬಾಯಿ ಹತ್ತು. ಕಾಲು ಕೆಜಿ ಸಿಗಡಿಯನ್ನು ಹುರಿದರೆ ಇಬ್ಬರಿಗೂ ಸಾಲದು. ಅದನ್ನೇ ತರಕಾರಿಗೆ ಹಾಕಿ ತೆಂಗಿನಕಾಯಿ ಅರೆದು ಕುದಿಸಿದರೆ ಸಿಗಡಿಯ ರುಚಿ ಇಡೀ ಪಾತ್ರೆಗೆ ಹರಡ್ತದೆ. ಪಾಲಿಗೆ ಎರಡೇ ಸಿಗಡಿ ಬಂದರೂ ಊಟ ಸಿಗಡಿಯದ್ದೇ ಆಗ್ತದೆ. ಮಳೆಗಾಲದಲ್ಲಿ, ಅಂದರೆ ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕಡಲಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ದಿನಗಳಲ್ಲಿ ಬೇಸಿಗೆಯಲ್ಲಿ ಒಣಗಿಸಿ ಡಬ್ಬಿಯಲ್ಲಿಟ್ಟ ಒಣಸಿಗಡಿ ಈ ಕೆಲಸ ಮಾಡ್ತದೆ. ಒಂದು ಮುಷ್ಟಿ ಸಾಕು, ಸಪ್ಪೆ ಸೌತೆಕಾಯಿಗೂ ಜೀವ ಬರ್ತದೆ.

ಈ ಲೆಕ್ಕಾಚಾರ ನಮ್ಮೊಬ್ಬರದ್ದೇ ಅಲ್ಲ. ಕೇರಳದವರು ಸಿಗಡಿಗೆ ನುಗ್ಗೆ ಮತ್ತು ಮಾವಿನಕಾಯಿ ಸೇರಿಸ್ತಾರೆ. ಬಂಗಾಳಿಗಳು ಸೋರೆಕಾಯಿಗೆ ಸಿಗಡಿ ಹಾಕಿ ಲಾವ್ ಚಿಂಗ್ರಿ ಮಾಡ್ತಾರೆ. ನಮ್ಮ ಹಾಗೆ ಬಸಳೆಗೂ ಹಾಕ್ತಾರೆ. ಕಡಲು, ಹೊಳೆ ಇರುವಲ್ಲೆಲ್ಲ ಗೃಹಿಣಿಯರು ಇದೇ ದಾರಿ ಕಂಡುಕೊಂಡಿದ್ದಾರೆ. ತಿಂಗಳ ಕೊನೆಯ ವಾರ ಎಣಿಸಿ ಬದುಕುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ದಿಲ್ಲಿಯಲ್ಲಿ ಎಲ್ಲಿ ಸಿಗ್ತದೆ?

ಕಡಲಿಲ್ಲದ ಊರಲ್ಲಿ ಸಿಗಡಿ ಎಲ್ಲಿಂದ ಎಂದು ಕೇಳಬೇಡಿ. ಐಎನ್‌ಎ ಮಾರ್ಕೆಟಿನಲ್ಲಿ ಮೀನು, ಸಿಗಡಿ, ತೆಂಗಿನಕಾಯಿ, ತೆಂಗಿನೆಣ್ಣೆ, ಕೆಂಪು ಕುಚ್ಚಲಕ್ಕಿ ಎಲ್ಲವೂ ಉಂಟು. ಮಲಯಾಳಿಗಳ ಅಂಗಡಿಗಳೂ ಇವೆ. ಕರೋಲ್ ಬಾಗ್ ಅಥವಾ ರಾಜೇಂದ್ರ ಪ್ಲೇಸ್ ಸ್ಟೇಷನ್ನಿನಿಂದ ಮೆಟ್ರೋದ ನೀಲಿ ಲೈನಿನಲ್ಲಿ ರಾಜೀವ್ ಚೌಕಕ್ಕೆ ಹೋಗಿ, ಅಲ್ಲಿ ಹಳದಿ ಲೈನಿಗೆ ಬದಲಾಯಿಸಿದರೆ ಆರನೇ ಸ್ಟೇಷನ್ ದಿಲ್ಲಿ ಹಾಟ್-ಐಎನ್‌ಎ. ಬರುವಾಗ ಸಿಗಡಿಯನ್ನು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಐಸ್ ಹಾಕಿಸಿ ತನ್ನಿ. ಪಕ್ಕದವರಿಗೆ ವಾಸನೆಯ ಕಿರಿಕಿರಿ ಆಗಬಾರದಲ್ವಾ?

ಇನ್ನೊಂದು ಜಾಗ ದಕ್ಷಿಣ ದಿಲ್ಲಿಯ ಚಿತ್ತರಂಜನ್ ಪಾರ್ಕ್. ಪೂರ್ವ ಬಂಗಾಳದಿಂದ ನೆಲೆ ಕಳೆದುಕೊಂಡು ಬಂದವರಿಗಾಗಿ ಕಟ್ಟಿದ ಕಾಲನಿ ಅದು. ಒಂದೇ ವಿಭಜನೆ ಎರಡು ಕಡೆಯವರನ್ನು ಒಂದೇ ನಗರಕ್ಕೆ ತಂದಿತು: ಪಂಜಾಬಿನವರು ರಾಜಿಂದರ್ ನಗರಕ್ಕೆ ತಮ್ಮ ರೊಟ್ಟಿ, ರಾಜ್ಮಾ ತಂದರು, ಬಂಗಾಳದವರು ಚಿತ್ತರಂಜನ್ ಪಾರ್ಕಿಗೆ ತಮ್ಮ ಮೀನು ತಂದರು. ಮನೆ ಹೋದರೂ ಅಡುಗೆಯನ್ನು ಯಾರೂ ಬಿಟ್ಟುಕೊಡಲಿಲ್ಲ. ಅಲ್ಲಿನ ಮಾರ್ಕೆಟಿನಲ್ಲಿ ಸಿಗಡಿ ಮಾತ್ರವಲ್ಲ, ನಮ್ಮ ಬಸಳೆಯೂ ಸಿಗ್ತದೆ. ಬಂಗಾಳಿಯಲ್ಲಿ ಅದು ಪೂಯಿ ಶಾಕ್, ಹಿಂದಿಯಲ್ಲಿ ಪೋಯಿ ಸಾಗ್.

ಉಳಿದ ತರಕಾರಿಗೆ ಅಷ್ಟು ದೂರ ಹೋಗಬೇಕಾಗಿಲ್ಲ, ಹೆಸರು ಗೊತ್ತಿದ್ದರೆ ಸಾಕು. ಸಿಗಡಿ ಎಂದರೆ ಝೀಂಗಾ. ಸೋರೆಕಾಯಿ ಲೌಕಿ, ಬೂದುಗುಂಬಳ ಪೇಠಾ, ನುಗ್ಗೆಕಾಯಿ ಸಹಜನ್, ಹುಣಸೆಹುಳಿ ಇಮ್ಲಿ, ಕರಿಬೇವು ಕಡೀ ಪತ್ತಾ. ಸೋರೆಕಾಯಿ ದಿಲ್ಲಿಯ ಪ್ರತಿ ತಳ್ಳುಗಾಡಿಯಲ್ಲೂ ಉಂಟು. ಮಂಗಳೂರು ಸೌತೆ ಸಿಗಲಿಲ್ಲವೆಂದು ಕೊರಗುವ ಅಗತ್ಯವೇ ಇಲ್ಲ. ನೀರಿನಂಶ ಹೆಚ್ಚಿರುವ, ತನ್ನದೇ ಆದ ಗಟ್ಟಿ ರುಚಿ ಇಲ್ಲದ ಯಾವ ತರಕಾರಿಯೂ ಇದಕ್ಕೆ ಆಗ್ತದೆ. ಸಿಗಡಿಯ ರಸವನ್ನೂ ಮಸಾಲೆಯನ್ನೂ ಅದು ಚೆನ್ನಾಗಿ ಹೀರಿಕೊಳ್ತದೆ.

ಬ್ಯಾಡಗಿ ಮೆಣಸು, ಒಣಸಿಗಡಿ, ಒಂದು ಕೆಜಿ ಕುಚ್ಚಲಕ್ಕಿ, ಇವು ಊರಿನಿಂದ ಬರುವಾಗ ಚೀಲದಲ್ಲಿರಲಿ. ಮಂಗಳೂರಿನಿಂದ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ನಿಝಾಮುದ್ದೀನಿಗೆ ಎರಡು ರಾತ್ರಿಯ ಪ್ರಯಾಣ. ಒಣಗಿದ ಸಾಮಾನಿಗೆ ಅದು ಲೆಕ್ಕಕ್ಕೇ ಇಲ್ಲ. ಬ್ಯಾಡಗಿ ಮುಗಿದರೆ ಕಾಶ್ಮೀರಿ ಮೆಣಸು ತಗೊಳ್ಳಿ. ಎರಡರಲ್ಲೂ ಬಣ್ಣ ಹೆಚ್ಚು, ಖಾರ ಕಡಿಮೆ.

ತೆಂಗಿನಕಾಯಿ ಆರಿಸುವಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ನೀರಿನ ಸದ್ದು ಕೇಳಬೇಕು, ಕಣ್ಣುಗಳ ಹತ್ತಿರ ಒದ್ದೆಯಾಗಲಿ ಬೂಷ್ಟಾಗಲಿ ಇರಬಾರದು. ಹೆರೆಮಣೆ ಇಲ್ಲದಿದ್ದರೆ ಚೂರಿಯಲ್ಲಿ ಕಾಯಿ ಎಬ್ಬಿಸಿ, ಚಿಕ್ಕ ಹೋಳು ಮಾಡಿ ಮಿಕ್ಸಿಗೆ ಹಾಕಿದರೂ ಆಯಿತು. ಅದೂ ಕಷ್ಟ ಎನ್ನುವವರು ಅಂಗಡಿಯಲ್ಲಿ ಸಿಗುವ ಒಣ ಕಾಯಿತುರಿಯನ್ನು ಇಪ್ಪತ್ತು ನಿಮಿಷ ಬಿಸಿನೀರಲ್ಲಿ ನೆನೆಸಿ ಅರೆಯಬಹುದು.

ಸಿಗಡಿ ತಾಜಾ ಉಂಟೋ ಇಲ್ಲವೋ ಎಂದು ಮೂಗೇ ಹೇಳ್ತದೆ. ಕಡಲಿನ ವಾಸನೆ ಇದ್ದರೆ ಸರಿ; ಮೂಗಿಗೆ ರಾಚುವ ಅಮೋನಿಯದ ಘಾಟು ಇದ್ದರೆ ಬೇಡ. ಸಿಪ್ಪೆ ಬಿಗಿಯಾಗಿರಬೇಕು, ತಲೆ ತಾನಾಗಿ ಕಳಚಿ ಬೀಳಬಾರದು. ದಿಲ್ಲಿಯ ಮೇ-ಜೂನ್ ತಿಂಗಳ ಸೆಕೆಯಲ್ಲಿ ಸಂಶಯ ಬಂದರೆ ಕೊಳ್ಳದೇ ಇರುವುದೇ ಲೇಸು. ಆ ಕಾಲಕ್ಕೆ ಒಣಸಿಗಡಿ ಉಂಟಲ್ಲ.

ಒಲೆ ಹೊತ್ತಿಸುವ ಮೊದಲು ಕೇಳಬೇಕಾದದ್ದು

ಕೋಣೆ ಹಿಡಿಯುವಾಗಲೇ ಮಾಲೀಕರಲ್ಲಿ ಎರಡು ವಿಷಯ ಕೇಳಿ: ಅಡುಗೆ ಮಾಡಬಹುದೇ, ಮೀನು-ಮಾಂಸ ಮಾಡಬಹುದೇ? ದಿಲ್ಲಿಯಲ್ಲಿ ಸಸ್ಯಾಹಾರಿಗಳಿಗೆ ಮಾತ್ರ ಎಂದು ಮೊದಲೇ ಹೇಳುವ ಮನೆಗಳು ಇವೆ. ಹೆಸರು ಕೇಳಿದ ಮೇಲೆ ಕೋಣೆ ಖಾಲಿ ಇಲ್ಲ ಎನ್ನುವವರೂ ಇದ್ದಾರೆ, ಆ ನೋವು ನಮ್ಮ ಮಕ್ಕಳಿಗೆ ಗೊತ್ತು. ಆದರೂ ಬೇಡ ಎಂದು ಒಪ್ಪಿಕೊಂಡು ಬಂದ ಮನೆಯಲ್ಲಿ ಕದ್ದು ಮಾಡುವುದು ಸರಿಯಲ್ಲ. ಕೊಟ್ಟ ಮಾತು ಮಾತೇ. ಅಂಥ ಮನೆಯಲ್ಲಿದ್ದರೆ ಇದೇ ಪದಾರ್ಥವನ್ನು ಸಿಗಡಿ ಇಲ್ಲದೆ ಮಾಡಿ. ಹೇಗೆಂದು ಕೊನೆಗೆ ಹೇಳ್ತೇನೆ.

ಎರಡನೆಯದು ಕೋಣೆಯ ಜೊತೆಗಾರರ ವಿಷಯ. ಕರಾವಳಿಯ ಬ್ಯಾರಿಗಳು, ನವಾಯತರು ಶಾಫಿಈ ಮಝ್ಹಬಿನವರು. ಶಾಫಿಈ ಪ್ರಕಾರ ಸಿಗಡಿಗೆ ಅಡ್ಡಿ ಇಲ್ಲ. ಉತ್ತರ ಭಾರತದ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು. ಹನಫಿ ಮಝ್ಹಬಿನಲ್ಲಿ ನೀರಿನ ಜೀವಿಗಳ ಪೈಕಿ ಮೀನಿಗೆ ಮಾತ್ರ ಅನುಮತಿ. ಸಿಗಡಿ ಮೀನಿನ ಲೆಕ್ಕಕ್ಕೆ ಬರ್ತದೋ ಇಲ್ಲವೋ ಎಂಬುದರಲ್ಲಿ ಅವರ ವಿದ್ವಾಂಸರಲ್ಲೇ ಭಿನ್ನಾಭಿಪ್ರಾಯ ಉಂಟು. ಆದ್ದರಿಂದ ಬಿಹಾರದ ಅಥವಾ ಉತ್ತರ ಪ್ರದೇಶದ ಗೆಳೆಯ "ನಾನು ಝೀಂಗಾ ತಿನ್ನೋದಿಲ್ಲ" ಎಂದರೆ ನಗಬೇಡಿ, ವಾದಕ್ಕೂ ಇಳಿಯಬೇಡಿ. ಅವತ್ತು ಸಿಗಡಿಯ ಬದಲು ಮೀನು ಹಾಕಿ. ಪಾತ್ರೆ ಒಂದೇ ಆದಾಗ ಎಲ್ಲರೂ ಉಣ್ಣುವಂತೆ ಇರಬೇಕು.

ಮೂರನೆಯದು ಆರೋಗ್ಯ. ಸಿಗಡಿ, ಏಡಿ ತಿಂದರೆ ಕೆಲವರಿಗೆ ಅಲರ್ಜಿ ಆಗ್ತದೆ. ತುಟಿ ಊದುವುದು, ಮೈ ದದ್ದು, ಉಸಿರು ಕಟ್ಟುವುದು ಇವೆಲ್ಲ ಆಟದ ವಿಷಯ ಅಲ್ಲ. ಮೊದಲ ಸಲ ತಿನ್ನುವವರಿದ್ದರೆ ಕೇಳಿಯೇ ಬಡಿಸಿ.

ಇಂಡಕ್ಷನ್ ಒಲೆ ಬಳಸುವವರಿಗೆ ಒಂದು ಮಾತು. ಅದರ ಮೇಲೆ ಮಣ್ಣಿನ ಪಾತ್ರೆ, ಬರೀ ಅಲ್ಯೂಮಿನಿಯಮ್ ಪಾತ್ರೆ ಕೆಲಸ ಮಾಡುವುದಿಲ್ಲ. ಪಾತ್ರೆಯ ತಳಕ್ಕೆ ಆಯಸ್ಕಾಂತ ಅಂಟಿದರೆ ಆ ಪಾತ್ರೆ ಆಗ್ತದೆ. ಒಲೆಯನ್ನು ನೇರ ಗೋಡೆಯ ಪ್ಲಗ್ಗಿಗೇ ಹಾಕಿ. ಕೂಲರ್, ಲ್ಯಾಪ್‌ಟಾಪ್ ಎಲ್ಲ ತೂಗಿಕೊಂಡಿರುವ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಬೇಡಿ.

ನಾಲ್ಕು ಜನರಿಗೆ ಬೇಕಾಗುವ ಸಾಮಾನು

ಸಿಪ್ಪೆ ತೆಗೆದ ಸಿಗಡಿ 200ರಿಂದ 250 ಗ್ರಾಂ
ಸೋರೆಕಾಯಿ ಅಥವಾ ಬೂದುಗುಂಬಳ ಅರ್ಧ ಕೆಜಿ (ನುಗ್ಗೆಕಾಯಿ ಸಿಕ್ಕರೆ ಎರಡು ಕೋಡು ಸೇರಿಸಿ)
ತೆಂಗಿನಕಾಯಿ ಅರ್ಧ ಹೋಳು, ತುರಿದರೆ ಸುಮಾರು ಒಂದು ಕಪ್
ಬ್ಯಾಡಗಿ ಮೆಣಸು 8
ಕೊತ್ತಂಬರಿ ಬೀಜ 1 ದೊಡ್ಡ ಚಮಚ
ಜೀರಿಗೆ ಅರ್ಧ ಸಣ್ಣ ಚಮಚ
ಮೆಂತೆ 10 ಕಾಳು, ಕರಿಮೆಣಸು 6 ಕಾಳು
ಅರಸಿನ ಪುಡಿ ಅರ್ಧ ಸಣ್ಣ ಚಮಚ
ಬೆಳ್ಳುಳ್ಳಿ 8 ಎಸಳು, ನೀರುಳ್ಳಿ 1
ಹುಣಸೆಹುಳಿ ಒಂದು ಸಣ್ಣ ನೆಲ್ಲಿಕಾಯಿಯಷ್ಟು
ತೆಂಗಿನೆಣ್ಣೆ, ಕರಿಬೇವು, ಉಪ್ಪು

ದಿಲ್ಲಿಯ ಚಳಿಗಾಲದಲ್ಲಿ ತೆಂಗಿನೆಣ್ಣೆ ಬಾಟಲಿಯಲ್ಲೇ ತುಪ್ಪದಂತೆ ಗಟ್ಟಿಯಾಗ್ತದೆ. ಹಾಳಾಯಿತೆಂದು ಬಿಸಾಡಬೇಡಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದರ ಗುಣವೇ ಹಾಗೆ. ಅಗಲ ಬಾಯಿಯ ಡಬ್ಬಿಯಲ್ಲಿ ಇಟ್ಟುಕೊಂಡರೆ ಚಮಚದಲ್ಲಿ ತೆಗೆಯಬಹುದು.

ಮಾಡುವ ಕ್ರಮ ಮತ್ತು ಕಾರಣ

ಮೊದಲು ಸಿಗಡಿ. ತಲೆ, ಸಿಪ್ಪೆ ತೆಗೆಯಿರಿ. ಬೆನ್ನನ್ನು ತುಸು ಸೀಳಿ ಕಪ್ಪು ನೂಲಿನಂಥದ್ದನ್ನು ಎಳೆದು ಹಾಕಿ. ಅದು ಅದರ ಕರುಳು, ಮರಳು ಇರುವುದು ಅದರಲ್ಲೇ. ತೊಳೆದು ಉಪ್ಪು ಮತ್ತು ಅರ್ಧ ಅರಸಿನ ಸವರಿ ಬದಿಗಿಡಿ. ಸಿಪ್ಪೆಯನ್ನು ಎಸೆಯಬೇಡಿ. ತೊಳೆದ ಸಿಪ್ಪೆ, ತಲೆಗಳನ್ನು ಎರಡು ಲೋಟ ನೀರಲ್ಲಿ ಹತ್ತು ನಿಮಿಷ ಕುದಿಸಿ ಸೋಸಿ. ಸಿಗಡಿಯ ಪರಿಮಳದಲ್ಲಿ ದೊಡ್ಡ ಪಾಲು ಇರುವುದು ಅಲ್ಲಿ. ತರಕಾರಿ ಬೇಯಿಸಲು, ಮಸಾಲೆ ಅರೆಯಲು ಇದೇ ನೀರು. ಕಾಸು ಕೊಟ್ಟು ತಂದದ್ದರಲ್ಲಿ ಅರ್ಧವನ್ನು ಕಸಕ್ಕೆ ಹಾಕುವುದು ಯಾಕೆ? ಸೋಸಿ ಉಳಿದ ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ ಅವತ್ತೇ ಕಸದವರಿಗೆ ಕೊಡಿ. ಒಂದು ರಾತ್ರಿ ಇಟ್ಟರೆ ಇಡೀ ಮಾಳಿಗೆ ನಿಮ್ಮನ್ನು ಬೈತದೆ.

ಎರಡನೆಯದು ಮಸಾಲೆ. ಒಂದು ಚಮಚ ಎಣ್ಣೆಯಲ್ಲಿ ಮೆಣಸನ್ನು ಸಣ್ಣ ಉರಿಯಲ್ಲಿ ಗರಿಯಾಗುವಷ್ಟು ಹುರಿದು ತೆಗೆಯಿರಿ. ಅದೇ ಎಣ್ಣೆಯಲ್ಲಿ ಕೊತ್ತಂಬರಿ, ಮೆಂತೆ, ಕರಿಮೆಣಸು, ಕೊನೆಗೆ ಜೀರಿಗೆ. ಎಣ್ಣೆ ಯಾಕೆಂದರೆ ಮೆಣಸಿನ ಬಣ್ಣವೂ ಖಾರವೂ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಡ್ತದೆ. ಸಣ್ಣ ಉರಿ ಯಾಕೆಂದರೆ ಮೆಂತೆ ಕಪ್ಪಾದರೆ ಇಡೀ ಪದಾರ್ಥ ಕಹಿ. ಹತ್ತು ಕಾಳಿಗಿಂತ ಹೆಚ್ಚು ಮೆಂತೆ ಹಾಕಬೇಡಿ ಎನ್ನುವುದೂ ಅದಕ್ಕೇ.

ಹುರಿದದ್ದು ತಣಿದ ಮೇಲೆ ಕಾಯಿತುರಿ, ನಾಲ್ಕು ಎಸಳು ಬೆಳ್ಳುಳ್ಳಿ, ಉಳಿದ ಅರಸಿನ ಸೇರಿಸಿ ಅರೆಯಿರಿ. ನೀರು ಸ್ವಲ್ಪ ಸ್ವಲ್ಪವೇ ಹಾಕಿ. ಒಮ್ಮೆಲೇ ಸುರಿದರೆ ಕಾಯಿ ನೀರಲ್ಲಿ ತೇಲಾಡ್ತದೆ, ಬ್ಲೇಡಿಗೆ ಸಿಕ್ಕುವುದಿಲ್ಲ. ಬೆರಳ ನಡುವೆ ಉಜ್ಜಿದರೆ ತರಿ ಸಿಗಬಾರದು. ಗಂಧದ ಹಾಗೆ ನುಣ್ಣಗಾಗಬೇಕು. ಈ ಪದಾರ್ಥಕ್ಕೆ ಹಿಟ್ಟು, ಕ್ರೀಮು, ಗೋಡಂಬಿ ಯಾವುದೂ ಇಲ್ಲ. ಗಟ್ಟಿತನ ಬರುವುದು ಕಾಯಿಯಿಂದ ಮಾತ್ರ. ತರಿ ಉಳಿದರೆ ನೀರು ಬೇರೆ, ಕಾಯಿ ಬೇರೆ ಆಗಿ ಕೂರ್ತದೆ. ಮಿಕ್ಸಿ ಬಿಸಿಯಾದರೆ ನಡುವೆ ನಿಲ್ಲಿಸಿ, ಮತ್ತೆ ತಿರುಗಿಸಿ.

ಮೂರನೆಯದು ತರಕಾರಿ. ಸೋರೆಕಾಯಿಯ ಸಿಪ್ಪೆ, ತಿರುಳು ತೆಗೆದು ಹೆಬ್ಬೆರಳಿನಷ್ಟು ದೊಡ್ಡ ಹೋಳು ಮಾಡಿ. ಸಣ್ಣದು ಮಾಡಿದರೆ ಕರಗಿ ಹೋಗ್ತದೆ. ಸೋಸಿದ ನೀರಲ್ಲಿ ಅರ್ಧ, ಸ್ವಲ್ಪ ಉಪ್ಪು, ನೀರುಳ್ಳಿಯ ಅರ್ಧ ಹೋಳು ಹಾಕಿ ಬೇಯಿಸಿ. ಸೋರೆ, ಕುಂಬಳ ತಾವೇ ನೀರು ಬಿಡುವುದರಿಂದ ಮುಳುಗುವಷ್ಟು ನೀರು ಬೇಡ. ನುಗ್ಗೆ ಇದ್ದರೆ ಅದನ್ನು ಐದು ನಿಮಿಷ ಮೊದಲೇ ಹಾಕಿ. ಬಸಳೆಯಾದರೆ ದಂಟು ಮೊದಲು, ದಂಟು ಬೆಂದ ಮೇಲೆ ಸೊಪ್ಪು.

ನಾಲ್ಕನೆಯದು ಹುಳಿ. ಹುಣಸೆಹುಳಿಯನ್ನು ತರಕಾರಿ ಬೆಂದ ಮೇಲೆಯೇ ಹಾಕಬೇಕು. ಹುಳಿಯ ಆಮ್ಲ ತರಕಾರಿಯನ್ನು ಮೆತ್ತಗಾಗಲು ಬಿಡುವುದಿಲ್ಲ. ಮೊದಲೇ ಹಾಕಿದರೆ ಅರ್ಧ ಗಂಟೆ ಕುದಿಸಿದರೂ ಹೋಳು ಗಟ್ಟಿ ಗಟ್ಟಿ. ಊರಲ್ಲಾದರೆ ಬಿಂಬುಳಿ, ಅಮಟೆಕಾಯಿ, ಪುನರ್ಪುಳಿ ಎಂದು ಹುಳಿಯಲ್ಲೇ ಹತ್ತು ಬಗೆ. ದಿಲ್ಲಿಯಲ್ಲಿ ಹುಣಸೆ ಯಾವಾಗಲೂ ಸಿಗ್ತದೆ, ಬೇಸಿಗೆಯಲ್ಲಿ ಕಚ್ಚಾ ಆಮ್ ಅಂದರೆ ಮಾವಿನಕಾಯಿ ಸಿಗ್ತದೆ. ಮಾವಿನಕಾಯಿ ಹಾಕಿದ ದಿನ ಹುಣಸೆ ಬೇಡ.

ಐದನೆಯದು ಎಲ್ಲವೂ ಸೇರುವ ಹೊತ್ತು. ಬೆಂದ ತರಕಾರಿಗೆ ಹುಳಿನೀರು, ಅರೆದ ಮಸಾಲೆ, ಮಿಕ್ಸಿ ತೊಳೆದ ನೀರು ಹಾಕಿ ಮಧ್ಯಮ ಉರಿಯಲ್ಲಿ ಕಲಕುತ್ತಾ ಒಂದು ಕುದಿ ಬರಿಸಿ. ಉಪ್ಪು, ಹುಳಿ, ಖಾರ ಈಗಲೇ ನೋಡಿ. ಇನ್ನು ಸಿಗಡಿ ಹಾಕಿ. ಸಿಗಡಿ ಹಾಕಿದ ಮೇಲೆ ಮೂರರಿಂದ ನಾಲ್ಕು ನಿಮಿಷ, ಅಷ್ಟೇ. ಬೂದಿ ಬಣ್ಣದ ಸಿಗಡಿ ಕೆಂಪಾಗಿ, ಬಾಲ ಒಳಗೆ ಬಾಗಿದರೆ ಬೆಂದಿತೆಂದು ಅರ್ಥ. ಆ ಕೆಂಪು ಬಣ್ಣ ಮಸಾಲೆಯದ್ದಲ್ಲ. ಸಿಗಡಿಯಲ್ಲಿ ಆಸ್ಟಾಝಾಂಥಿನ್ ಎಂಬ ಕೆಂಪು ಬಣ್ಣ ಮೊದಲೇ ಇರ್ತದೆ. ಹಸಿಯಾಗಿರುವಾಗ ಅದನ್ನು ಒಂದು ಪ್ರೋಟೀನು ಹಿಡಿದಿಟ್ಟುಕೊಂಡಿರ್ತದೆ. ಬಿಸಿಗೆ ಪ್ರೋಟೀನಿನ ಹಿಡಿತ ಬಿಟ್ಟಾಗ ಕೆಂಪು ಹೊರಗೆ ಕಾಣ್ತದೆ. ಹೆಚ್ಚು ಹೊತ್ತು ಕುದಿಸಿದರೆ ಸಿಗಡಿ ಬಿಗಿದುಕೊಂಡು ನೀರು ಹಿಂಡಿ ರಬ್ಬರಿನಂತಾಗ್ತದೆ. ಕುಕ್ಕರಿನಲ್ಲಿ ಸಿಗಡಿ ಹಾಕಿ ಸೀಟಿ ಹೊಡೆಸುವವರು ಇದನ್ನು ನೆನಪಿಡಬೇಕು. ತರಕಾರಿಗೆ ಒಂದು ಸೀಟಿ ಆಗಬಹುದು, ಸಿಗಡಿಗೆ ಬೇಡವೇ ಬೇಡ.

ಕಾಯಿ ಹಾಕಿದ ಪದಾರ್ಥವನ್ನು ಗಳಗಳ ಎಂದು ಬಹಳ ಹೊತ್ತು ಕುದಿಸಲೂಬಾರದು. ಕಾಯಿಹಾಲಿನಲ್ಲಿ ಎಣ್ಣೆಯನ್ನೂ ನೀರನ್ನೂ ಕೂಡಿಸಿ ಹಿಡಿದಿರುವುದು ಅದರ ಪ್ರೋಟೀನು. ಜೋರು ಬಿಸಿಗೆ ಅದು ಹೆಪ್ಪುಗಟ್ಟಿದರೆ ಎಣ್ಣೆ ಮೇಲೆ, ನೀರು ಕೆಳಗೆ. ಪೂರ್ತಿ ಕಾಯಿ ಅರೆದು ಹಾಕಿದಾಗ ಇದು ಅಷ್ಟಾಗಿ ಕಾಣುವುದಿಲ್ಲ. ಪ್ಯಾಕೆಟ್ಟಿನ ಕಾಯಿಹಾಲು ಬಳಸಿದರೆ ಮಾತ್ರ ಅದನ್ನು ಕಟ್ಟಕಡೆಗೆ, ಉರಿ ಸಣ್ಣ ಮಾಡಿ ಹಾಕಿ.

ಆರನೆಯದು ಒಗ್ಗರಣೆ. ಎರಡು ಚಮಚ ತೆಂಗಿನೆಣ್ಣೆಯಲ್ಲಿ ಉಳಿದ ಬೆಳ್ಳುಳ್ಳಿ ಜಜ್ಜಿ, ನೀರುಳ್ಳಿ ಹೆಚ್ಚಿ ಹಾಕಿ. ಹೊಂಬಣ್ಣ ಬಂದಾಗ ಕರಿಬೇವು. ಪದಾರ್ಥದ ಮೇಲೆ ಸುರಿದು ಕೂಡಲೇ ಮುಚ್ಚಳ ಹಾಕಿ. ಹತ್ತು ನಿಮಿಷ ಮುಟ್ಟಬೇಡಿ. ಆ ಹತ್ತು ನಿಮಿಷದಲ್ಲಿ ಸೋರೆಕಾಯಿ ಮಸಾಲೆ ಹೀರಿಕೊಳ್ತದೆ. ಅಷ್ಟರಲ್ಲಿ ಅನ್ನ ಬಸಿಯಿರಿ, ಪಾತ್ರೆ ತೊಳೆಯಿರಿ.

ಹೆಚ್ಚುಕಡಿಮೆ ಆದರೆ

ನೀರಾದರೆ: ಸಿಗಡಿಯನ್ನು ಹೆಕ್ಕಿ ತೆಗೆದು ಪದಾರ್ಥವನ್ನು ಐದು ನಿಮಿಷ ಕುದಿಸಿ, ಆಮೇಲೆ ಸಿಗಡಿ ಮತ್ತೆ ಹಾಕಿ. ಇಲ್ಲವೇ ನಾಲ್ಕು ಹೋಳು ಸೋರೆಕಾಯಿಯನ್ನು ಸೌಟಿನಲ್ಲೇ ಹಿಸುಕಿ ಬಿಡಿ.

ಹುಳಿ ಹೆಚ್ಚಾದರೆ: ಒಂದು ಚೂರು ಬೆಲ್ಲ. ಖಾರ ಹೆಚ್ಚಾದರೆ ಇನ್ನೂ ಸ್ವಲ್ಪ ಕಾಯಿ ಅರೆದು ಹಾಕಿ. ಉಪ್ಪು ಹೆಚ್ಚಾದರೆ ಬೇಯಿಸಿದ ಸಪ್ಪೆ ತರಕಾರಿ ಸೇರಿಸಿ.

ಉಳಿದರೆ: ಕಾಯಿ ಹಾಕಿದ್ದು ಬೇಗ ಹಳಸ್ತದೆ. ದಿಲ್ಲಿಯ ಬೇಸಿಗೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಫ್ರಿಜ್ ಇದ್ದರೆ ಮರುದಿನಕ್ಕೆ ಆಗ್ತದೆ, ರುಚಿಯೂ ಹೆಚ್ಚೇ. ಫ್ರಿಜ್ ಇಲ್ಲದಿದ್ದರೆ ಒಂದು ಹೊತ್ತಿಗೆ ಬೇಕಾದಷ್ಟೇ ಮಾಡಿ, ಇಲ್ಲವೇ ಪಕ್ಕದ ಕೋಣೆಯವರನ್ನು ಕರೆಯಿರಿ.

ತಾಜಾ ಸಿಗಡಿ ಇಲ್ಲದ ದಿನ

ಒಣಸಿಗಡಿಯಾದರೆ ಒಂದು ಮುಷ್ಟಿ. ತಲೆ, ಕಾಲು ಮುರಿದು ತೆಗೆದು, ಎಣ್ಣೆ ಇಲ್ಲದೆ ಪರಿಮಳ ಬರುವವರೆಗೆ ಹುರಿದು, ಹತ್ತು ನಿಮಿಷ ನೀರಲ್ಲಿ ಹಾಕಿ ತೊಳೆಯಿರಿ. ಮರಳೂ ಹೆಚ್ಚಿನ ಉಪ್ಪೂ ಹೋಗ್ತದೆ. ಇದನ್ನು ತರಕಾರಿ ಅರ್ಧ ಬೆಂದಾಗಲೇ ಹಾಕಬಹುದು, ಯಾಕೆಂದರೆ ಒಣಗಿದ್ದು ಮೆತ್ತಗಾಗಲು ಸಮಯ ಬೇಕು. ಪದಾರ್ಥಕ್ಕೆ ಉಪ್ಪು ಕೊನೆಗೆ, ರುಚಿ ನೋಡಿ. ಹುರಿಯುವಾಗ ವಾಸನೆ ಗಲ್ಲಿ ತುಂಬ ಹೋಗ್ತದೆ. ಊರಲ್ಲೇ ಹುರಿದು ಡಬ್ಬಿ ತುಂಬಿಸಿ ತಂದರೆ ದಿಲ್ಲಿಯಲ್ಲಿ ಯಾರ ಜೊತೆಗೂ ಜಗಳ ಇಲ್ಲ. ರಮಝಾನಿನಲ್ಲಿ ಸಹರಿಗೆ ಒಣಸಿಗಡಿ ಬೇಡ, ಉಪ್ಪಿಗೆ ಹಗಲಿಡೀ ಬಾಯಾರ್ತದೆ. ಸಹರಿಗೆ ಖಾರ ಕಡಿಮೆ ಮಾಡಿದ ಸೋರೆಕಾಯಿ ಪದಾರ್ಥವೇ ಒಳ್ಳೆಯದು.

ಮೀನು-ಮಾಂಸ ಮಾಡಬಾರದ ಮನೆಯಲ್ಲಿದ್ದರೆ ಸಿಗಡಿಯ ಬದಲು ನೆನೆಸಿ ಬೇಯಿಸಿದ ಕಡಲೆ ಅಥವಾ ಅಲಸಂಡೆ ಬೀಜ ಹಾಕಿ. ಕೊತ್ತಂಬರಿ, ಜೀರಿಗೆ ಬಿಟ್ಟು ಕಾಯಿ, ಮೆಣಸು, ಹುಳಿ ಮಾತ್ರ ಅರೆದು ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಕೊಂಕಣಿ ಮನೆಗಳ ಕೊದ್ದೆಲ್ ಆಗ್ತದೆ. ಕಡಲೆ, ಅಲಸಂಡೆಯಲ್ಲಿ ಪ್ರೋಟೀನೂ ಉಂಟು, ದರವೂ ಕಡಿಮೆ. ಮಸಾಲೆ ಕೈಗೆ ಹತ್ತಿದ ಮೇಲೆ ಒಳಗೆ ಏನು ಹಾಕಬೇಕೆನ್ನುವುದು ನಿಮ್ಮ ಕೈಯಲ್ಲಿ.

ಮನೆಯವರಿಗೊಂದು ಮಾತು

ಇದನ್ನು ಓದುವ ತಂದೆತಾಯಂದಿರಿಗೂ ಹೇಳಬೇಕಾದದ್ದು ಉಂಟು. ಮಗನನ್ನು ದಿಲ್ಲಿಗೆ ಕಳಿಸುವ ಮೊದಲು ಪುಸ್ತಕ, ಸ್ವೆಟರ್, ಬ್ಯಾಂಕ್ ಕಾರ್ಡು ಎಲ್ಲ ಸಿದ್ಧ ಮಾಡ್ತೇವೆ. ಅನ್ನ ಬಸಿಯಲು ಕಲಿಸುವುದಿಲ್ಲ. ಹೆಣ್ಣುಮಕ್ಕಳಿಗೆ ಬೇಡವೆಂದರೂ ಕಲಿಸ್ತೇವೆ, ಗಂಡುಮಕ್ಕಳು ಅಡುಗೆಮನೆಗೆ ಬಂದರೆ "ನಿನಗೆಂತ ಇಲ್ಲಿ ಕೆಲಸ?" ಎಂದು ಓಡಿಸ್ತೇವೆ. ಪ್ರವಾದಿಯವರು (ಸ) ಮನೆಯಲ್ಲಿರುವಾಗ ಮನೆಕೆಲಸದಲ್ಲಿ ನೆರವಾಗುತ್ತಿದ್ದರೆಂದು ಹದೀಸಿನಲ್ಲಿ ಬಂದದ್ದನ್ನು ಭಾಷಣದಲ್ಲಿ ಹೇಳ್ತೇವೆ, ಮನೆಯಲ್ಲಿ ಮರೀತೇವೆ. ಜಿಲ್ಲಾಧಿಕಾರಿಯಾಗಿ ಒಂದು ಜಿಲ್ಲೆಯ ಹೊಟ್ಟೆ ನೋಡಿಕೊಳ್ಳಬೇಕೆಂದು ಹೊರಟವನಿಗೆ ತನ್ನ ಹೊಟ್ಟೆ ನೋಡಿಕೊಳ್ಳಲು ಬಾರದಿದ್ದರೆ ಹೇಗೆ?

ನಮ್ಮ ಉಮ್ಮಂದಿರ ಅಡುಗೆಗೆ ಬರಹ ಇಲ್ಲ. ಎಷ್ಟು ಮೆಣಸು ಎಂದರೆ "ಕಣ್ಣಂದಾಜು", ಎಷ್ಟು ಹೊತ್ತು ಎಂದರೆ "ಪರಿಮಳ ಬರುವಷ್ಟು" ಎನ್ನುತ್ತಾರೆ. ಕಣ್ಣಂದಾಜು ಬರುವುದು ಪಕ್ಕದಲ್ಲಿ ನಿಂತು ನೋಡಿದವರಿಗೆ ಮಾತ್ರ. ಹಾಗಾಗಿ ರಜೆಗೆ ಊರಿಗೆ ಬಂದಾಗ ಒಂದು ದಿನ ಉಮ್ಮನ ಪಕ್ಕದಲ್ಲಿ ಪೆನ್ನು, ಪುಸ್ತಕ ಹಿಡಿದು ನಿಲ್ಲಿ. ಅವರು ಹಿಡಿಯಲ್ಲಿ ಎತ್ತಿದ್ದನ್ನು ಪಾತ್ರೆಗೆ ಬೀಳುವ ಮೊದಲು ಚಮಚದಲ್ಲಿ ಅಳೆದು ಬರೆದುಕೊಳ್ಳಿ. ಯಾವುದರ ನಂತರ ಯಾವುದು, ಯಾಕೆ ಎಂದು ಕೇಳಿ. ಪರೀಕ್ಷೆಯ ಫಲಿತಾಂಶ ನಮ್ಮ ಕೈಯಲ್ಲಿಲ್ಲ, ಪ್ರಯತ್ನ ಮಾತ್ರ ನಮ್ಮದು. ಪಾಸಾದರೂ ಆಗದಿದ್ದರೂ ಆ ಪುಸ್ತಕದ ಎರಡು ಪುಟ ನಿಮ್ಮ ಜೊತೆಗೆ ಇರ್ತದೆ. ಊರಿಗೆ ಫೋನು ಮಾಡಿದಾಗ "ಊಟ ಆಯ್ತಾ?" ಎಂದರೆ ಎಂತ ಊಟ ಎಂದು ವಿವರವಾಗಿ ಹೇಳಿ. ಕೇಳುವವರಿಗೂ ಅದೇ ಬೇಕಾಗಿರುವುದು.